ಬಂದವಳು ಬೆಳ್ಳಗಿರಲಿಲ್ಲ

ಪುಣೆ ಸ್ಟೇಷನ್ನಿನಲ್ಲಿ ಸೇವಂತಿಗೆ ಮಾಲೆ ಹಿಡಿದು ನಾವು ಮೂವರು ನಿಂತಿದ್ದೆವು. ನಾನು, ನಾನು ಕೆಲಸ ಮಾಡುತ್ತಿದ್ದ ಸಂಸ್ಥೆಯ ಅಧ್ಯಕ್ಷೆ, ಫೋಟೋ ತೆಗೆಯಲೆಂದೇ ರಜೆ ಹಾಕಿ ಬಂದಿದ್ದ ಅವರ ಅಳಿಯ. ಅಧ್ಯಕ್ಷೆಯನ್ನು ನಾವೆಲ್ಲ ಕಾಕೂ ಅಂತ ಕರೆಯುತ್ತಿದ್ದೆವು. ಮರಾಠಿಯಲ್ಲಿ ಹಾಗೆಂದರೆ ಚಿಕ್ಕಮ್ಮ. ಮುಂಬೈ ಗಾಡಿಯಲ್ಲಿ ಪರದೇಶದ ಒಬ್ಬ ಹುಡುಗಿ ಬರುವವಳಿದ್ದಳು. ಕಟ್ಟಡ ಕೂಲಿಗಳ ಮಕ್ಕಳಿಗಾಗಿ ನಮ್ಮ ಸಂಸ್ಥೆ ನಡೆಸುತ್ತಿದ್ದ ಬಾಲವಾಡಿಯಲ್ಲಿ ಸಂಬಳವಿಲ್ಲದೆ ಒಂದು ವರ್ಷ ಕೆಲಸ ಮಾಡುವುದಕ್ಕೆ ಅವಳು ಒಪ್ಪಿಕೊಂಡಿದ್ದಳು.

ಗಾಡಿ ಬಂತು, ಜನ ಇಳಿದರು, ಹಮಾಲರು ಓಡಾಡಿದರು, ಪ್ಲಾಟ್‌ಫಾರ್ಮು ಖಾಲಿಯಾಗುತ್ತ ಬಂತು. ಎತ್ತರದ ಒಬ್ಬ ಕಪ್ಪು ಹುಡುಗಿ ದೊಡ್ಡ ಚೀಲ ಎಳೆದುಕೊಂಡು ಬಂದು ನಮ್ಮ ಮುಂದೆ ನಿಂತು ನಕ್ಕಳು. ಕಾಕೂ ಕತ್ತು ವಾಲಿಸಿ ಅವಳ ಬೆನ್ನ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಅಂತ ನೋಡಿದರು. ಹುಡುಗಿ ನನ್ನ ಕೈಯಲ್ಲಿದ್ದ ರಟ್ಟಿನ ಮೇಲಿನ ಹೆಸರಿಗೆ ಬೆರಳಿಟ್ಟು, ಅದು ನಾನೇ, ಎಂದು ಇಂಗ್ಲಿಷಿನಲ್ಲಿ ಹೇಳಿದಳು.

"ಹೀಚ್ ಕಾ?" ಇವಳೇನಾ, ಅಂತ ಕಾಕೂ ನನ್ನನ್ನು ಕೇಳಿದರು. ಬಂದವಳನ್ನಲ್ಲ, ನನ್ನನ್ನು. ಆಮೇಲೆ ಮಾಲೆಯನ್ನು ನನ್ನ ಕೈಗೆ ತುರುಕಿ, ನೀನೇ ಹಾಕು ಅಂದರು. ಅಳಿಯ ಕ್ಯಾಮೆರಾದ ಮುಚ್ಚಳ ಹಾಕಿಕೊಂಡ.

ಇದಾಗಿ ಎಷ್ಟೋ ವರ್ಷವಾಯಿತು. ಹಿಂಜವಾಡಿಯಲ್ಲಿ ಕಂಪನಿಗಳ ಗಾಜಿನ ಕಟ್ಟಡಗಳು ಆಗಷ್ಟೇ ಏಳುತ್ತಿದ್ದ ಕಾಲ ಅದು. ವಯಸ್ಸಾದಂತೆ ಸಿಟ್ಟು ಇಳಿಯುತ್ತದೆ ಅಂತ ಹೇಳುವವರನ್ನು ನಾನು ನಂಬುವುದಿಲ್ಲ. ಆ ಮುಚ್ಚಳದ ಟಕ್ ಅನ್ನುವ ಸಪ್ಪಳ ನೆನಪಾದರೆ ಈಗಲೂ ನನ್ನ ಮೈ ಉರಿಯುತ್ತದೆ.

ಮೋಸವೇನೂ ಆಗಿರಲಿಲ್ಲ. ಕೀನ್ಯಾ ದೇಶದವಳು ಅಂತ ಅವಳನ್ನು ಕಳಿಸಿಕೊಟ್ಟ ಸಂಸ್ಥೆಯವರು ಮೊದಲೇ ತಿಳಿಸಿದ್ದರು. ಹೆಸರು ಮಾತ್ರ ಇಂಗ್ಲಿಷರ ಹೆಸರಿನಂತಿತ್ತು. ಅಷ್ಟು ಸಾಕಾಗಿ ನಮ್ಮ ಕಮಿಟಿಯವರು, ಅಲ್ಲಿ ನೆಲೆಸಿದ ಯಾರೋ ಬಿಳಿಯರ ಮಗಳಿರಬೇಕು ಅಂತ ತಾವೇ ತೀರ್ಮಾನ ಮಾಡಿಕೊಂಡಿದ್ದರು. ಹಿಂದಿನ ವರ್ಷ ಜರ್ಮನಿಯಿಂದ ಬಂದವಳನ್ನು ತಮ್ಮ ಮನೆಯಲ್ಲಿ ಇಟ್ಟುಕೊಳ್ಳಲು ನಾ ಮುಂದು ತಾ ಮುಂದು ಅಂತ ಜಗಳಾಡಿದ್ದರು. ಅವಳಿಗೋಸ್ಕರ ಒಬ್ಬರು ಸಂಡಾಸಿನಲ್ಲಿ ಕಮೋಡು ಕೂರಿಸಿದ್ದರು. ಈ ಸಲದ ಹುಡುಗಿ ಉಳಿದುಕೊಳ್ಳಬೇಕಾಗಿದ್ದದ್ದೂ ಆ ಕಮೋಡಿನ ಮನೆಯಲ್ಲೇ.

ಸ್ಟೇಷನ್ನಿನಿಂದ ನೇರ ಅಲ್ಲಿಗೆ ಹೋದೆವು. ಕಾಕೂ ಒಳಗೆ ಹೋಗಿ ಬಹಳ ಹೊತ್ತು ಮಾತಾಡಿದರು. ನಾವಿಬ್ಬರು ವರಾಂಡದ ಜೋಕಾಲಿಯಲ್ಲಿ ಕೂತಿದ್ದೆವು. ಕೊನೆಗೆ ಆ ಮನೆಯ ಯಜಮಾನಿ ಬಂದು, ಮುಖದ ತುಂಬ ನಗೆ ಹರಡಿಕೊಂಡು, ಸಂಡಾಸಿನ ಪೈಪು ಒಡೆದಿದೆ, ಮನೆಯೆಲ್ಲ ಅಗೆಯಬೇಕು, ಪರದೇಶದವರಿಗೆ ತೊಂದರೆಯಾಗುತ್ತದೆ ಅಂತ ಹೇಳಿದರು. ಅವರು ಹೇಳುತ್ತಿರುವಾಗಲೇ ಒಳಗೆ ಯಾರೋ ಫ್ಲಶ್ ಎಳೆದರು. ನೀರು ಧೋ ಅಂತ ಸುರಿದು, ಗುಳುಗುಳು ಅಂತ ಇಳಿದು ಹೋದದ್ದು ನಮಗೆಲ್ಲ ಕೇಳಿಸಿತು. ಯಜಮಾನಿ ಕಣ್ಣೂ ಮಿಟುಕಿಸಲಿಲ್ಲ.

ಹೀಗೆ ಕಮೋಡಿಲ್ಲದೆ ತೊಂದರೆಯಾಗುತ್ತದೆ ಎಂಬ ಕಾರಣಕ್ಕೆ ಅವಳನ್ನು ಕಳಿಸಿದ್ದು ನಮ್ಮ ಮನೆಗೆ. ನಾವಿದ್ದದ್ದು ಪೇಟೆಯ ಹಳೆಯ ವಾಡೆಯಲ್ಲಿ, ಅಂದರೆ ಒಂದು ಅಂಗಳದ ಸುತ್ತ ಹತ್ತಾರು ಬಾಡಿಗೆ ಸಂಸಾರಗಳಿರುವ ಮನೆಯಲ್ಲಿ. ಅಲ್ಲಿ ಎಲ್ಲರಿಗೂ ಸೇರಿ ಅಂಗಳದ ಮೂಲೆಯಲ್ಲಿ ಸಂಡಾಸಿತ್ತು. ಬೆಳಿಗ್ಗೆ ಬಕೆಟ್ಟು ಹಿಡಿದು ಪಾಳಿ ನಿಲ್ಲಬೇಕು. "ಬೇರೆ ಮನೆ ಸಿಗುವ ತನಕ ಮಾತ್ರ," ಅಂತ ಕಾಕೂ ಹೇಳಿದರು. "ವಾರ್ಷಿಕ ಕಾರ್ಯಕ್ರಮದೊಳಗೆ ಸಿಗದಿದ್ದರೆ ಬೇರೆ ಊರಿನ ಸಂಸ್ಥೆಗೆ ಕಳಿಸೋಣ. ನಮಗೆ ಕೊಟ್ಟದ್ದು ಬೇಡ ಅಂದರೆ ಕಳಿಸಿದವರೂ ಅರ್ಥ ಮಾಡಿಕೊಳ್ಳುತ್ತಾರೆ." ಸಾಮಾನು ವಾಪಸು ಮಾಡುವ ಮಾತು ಅದು. ಹುಡುಗಿ ಅಲ್ಲೇ ನಿಂತಿದ್ದಳು, ಮರಾಠಿ ಬಾರದ್ದರಿಂದ ನಗುತ್ತಿದ್ದಳು.

ನನ್ನ ಅಪ್ಪ ಧಾರವಾಡದ ಕಡೆಯವರು, ಪಿಂಪರಿಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಅವ್ವ ಬಾಗಲಕೋಟೆ ಕಡೆಯವಳು. ಅವ್ವ ಬಾಗಿಲಲ್ಲಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಕಾಲಿಗೆ ನೀರು ಕೊಟ್ಟಳು. ಬಂದವರಿಗೆ ನೀರು ಕೊಡದೆ ಇರುವುದು ಅವಳಿಂದ ಸಾಧ್ಯವೇ ಇರಲಿಲ್ಲ. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು ಬಡಿಸಿದಳು. ಆದರೆ ನಡುಮನೆಯಲ್ಲಿ ಬಡಿಸಿದಳು, ಅಡಿಗೆಮನೆಯ ಹೊಸಿಲಿಗೆ ಅಡ್ಡ ಒಂದು ಮಣೆ ಇಟ್ಟಳು. ಅದು ಯಾಕೆ ಅಂತ ಹುಡುಗಿಗೆ ಗೊತ್ತಾಗಲಿಲ್ಲ. ಊಟ ಮುಗಿದ ಮೇಲೆ ತನ್ನ ತಾಟು ತಾನೇ ತೊಳೆಯಲು ಅವಳು ಎದ್ದಾಗ ಅವ್ವ ಅವಳಿಗೆ ಅಡ್ಡ ನಿಂತು, "ಇರ್ಲಿ ಇರ್ಲಿ, ಕೂಡ್ರವ್ವಾ, ನೀ ಪಾವಣಿ," ಅಂದಳು. ಪಾವಣಿ ಅಂದರೆ ನೆಂಟಳು. ನೆಂಟಸ್ತಿಕೆಯ ಹೆಸರಿನಲ್ಲಿ ಎಷ್ಟು ಜನರನ್ನು ಹೊಸಿಲಾಚೆ ಇಡಬಹುದು ಅನ್ನುವುದು ನಮ್ಮವರಿಗೆ ಚೆನ್ನಾಗಿ ಗೊತ್ತು.

"ಪಾಪ, ಬಡದೇಶದಾಕಿ," ಅಂತ ಮರುದಿನ ಬಡಿಸುವಾಗ ಅವ್ವ ನನಗೆ ಹೇಳಿದಳು. "ಊಟಕ್ಕಿಲ್ದ ಬಂದಾಳನು?"

ಹುಡುಗಿ ಏನು ಅಂತ ಕೇಳಿದಳು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಅವಳು ರೊಟ್ಟಿ ಮುರಿಯುತ್ತ ಯೋಚಿಸಿ, ತನ್ನ ತಾಯಿ ನರ್ಸು, ತಂದೆ ಶಾಲೆಯ ಹೆಡ್‌ಮಾಸ್ಟರು, ತಮ್ಮ ಮನೆಯ ಸಂಡಾಸು ಮನೆಯೊಳಗೇ ಇದೆ, ಬೆಳಿಗ್ಗೆ ಯಾರೂ ಪಾಳಿ ನಿಲ್ಲಬೇಕಾಗಿಲ್ಲ ಅಂದಳು. ಅದನ್ನೂ ನಾನು ಅವ್ವನಿಗೆ ಹೇಳಿದೆ. ಅಪ್ಪ ಪೇಪರಿನ ಹಿಂದೆ ಕೆಮ್ಮಿದರು.

ವಾಡೆಯವರೆಲ್ಲ ಅವಳಿಗೆ ಕಲಿಸಲು ಬಂದರು. ಪುಣೆಯವರಿಗೆ ಕಲಿಸುವ ಚಟ ಒಂದು ಜಾಸ್ತಿ. ಒಬ್ಬರು ಬಕೆಟ್ಟಿನಲ್ಲಿ ತಂಬಿಗೆ ಅದ್ದಿ ಸ್ನಾನ ಹೇಗೆ ಮಾಡುವುದು ಅಂತ ಅಭಿನಯಿಸಿ ತೋರಿಸಿದರು. ಇನ್ನೊಬ್ಬರು ಫ್ಯಾನಿನ ಗುಂಡಿ ಒತ್ತಿ, ಇದು ಗಾಳಿ ಅಂದರು. ಕೈಯಿಂದ ಉಣ್ಣುವುದನ್ನು ಕಲಿಸಲು ಬಂದವರು, ಅವಳು ತಮಗಿಂತ ಚೊಕ್ಕಟವಾಗಿ ಉಣ್ಣುವುದನ್ನು ಕಂಡು ನಿರಾಸೆಯಿಂದ ಹೋದರು. ಮನೆಯ ಹತ್ತಿರ ಸಿಂಹ ಬರುತ್ತದೆಯೇ ಅಂತ ಎಲ್ಲರೂ ಕೇಳಿದರು. ಮೊದಲ ದಿನ ಇಲ್ಲ ಅಂದಳು, ಎರಡನೆಯ ದಿನವೂ ಇಲ್ಲ ಅಂದಳು, ಆಮೇಲೆ ಬೇಸರವಾಗಿ, ಬರುತ್ತದೆ, ಗುರುವಾರ ಮಾತ್ರ, ಅಂತ ಶುರು ಮಾಡಿದಳು. ವಾಡೆಯ ಮಾಲೀಕರ ಹೆಂಡತಿ ಅದನ್ನು ನಂಬಿ ಊರೆಲ್ಲ ಹೇಳಿಕೊಂಡು ಬಂದರು.

ಅವಳೇನು ಸಾಧು ಹಸುವಲ್ಲ. ಹಿಂಜವಾಡಿಗೆ ಹೋಗುವ ಬಸ್ಸಿನಲ್ಲಿ ಹಿಂದಿನ ಸೀಟಿನವನೊಬ್ಬ ಅವಳ ಹೆಣೆದ ಕೂದಲು ಹಿಡಿದು, ಇದು ಅಸಲಿಯೋ ಅಂತ ಜಗ್ಗಿ ನೋಡಿದ. ಅವಳು ತಿರುಗಿ ಅವನ ಕೈ ಮೇಲೆ ಫಟ್ಟನೆ ಬಾರಿಸಿ, ತನ್ನ ಭಾಷೆಯಲ್ಲಿ ಏನೋ ಬೈದಳು. ಇಡೀ ಬಸ್ಸು ಆ ಗಂಡಸಿನ ಪರ ಮಾತಾಡಿತು. ನಮ್ಮ ದೇಶಕ್ಕೆ ಬಂದು ನಮ್ಮ ಮೇಲೇ ಕೈ ಮಾಡುತ್ತಾಳೆ ಅಂದರು. ನನಗೆ ತಡೆಯಲಾಗಲಿಲ್ಲ. ಅವನ ತಲೆಯ ಕೂದಲು ಕೈಗೆ ಸಿಕ್ಕಿದಷ್ಟು ಹಿಡಿದು ಜಗ್ಗಿ, ಇದು ಅಸಲಿಯೋ ಅಂತ ಮರಾಠಿಯಲ್ಲಿ ಕೇಳಿದೆ. ಕಂಡಕ್ಟರು ನಮ್ಮಿಬ್ಬರನ್ನೂ ನಡುದಾರಿಯಲ್ಲಿ ಇಳಿಸಿದ. ಬಿಸಿಲಿನಲ್ಲಿ ನಡೆಯುತ್ತ ಅವಳು ನಕ್ಕದ್ದೇ ನಕ್ಕದ್ದು.

ನಮ್ಮ ಬಾಲವಾಡಿ ಇದ್ದದ್ದು ಅಲ್ಲಿ ಏಳುತ್ತಿದ್ದ ಒಂದು ಕಟ್ಟಡದ ಪಕ್ಕ, ಪತ್ರಾಸಿನ, ಅಂದರೆ ತಗಡಿನ ಶೆಡ್ಡಿನಲ್ಲಿ. ಕೂಲಿಯವರು ಯಾದಗಿರಿ, ರಾಯಚೂರು ಕಡೆಯಿಂದ ಬಂದವರು. ನನಗೆ ಕನ್ನಡ ಬರುತ್ತದೆ ಅಂತಲೇ ಸಂಸ್ಥೆಯವರು ಕೆಲಸ ಕೊಟ್ಟಿದ್ದು. ಮೊದಲ ದಿನ ಅವಳು ಒಳಗೆ ಕಾಲಿಟ್ಟಕೂಡಲೆ ಗುಮ್ಮ ಬಂತು ಗುಮ್ಮ ಬಂತು ಅಂತ ಮಕ್ಕಳೆಲ್ಲ ಕಿರುಚಿ ಮೂಲೆ ಸೇರಿದವು. ತಾಯಂದಿರಲ್ಲಿ ಕೆಲವರು ಸೆರಗು ಬಾಯಿಗೆ ಒತ್ತಿ ನಕ್ಕರು. ಒಬ್ಬಳಂತೂ, ಮೈ ತಿಕ್ಕಿದರೆ ಹೋಗುತ್ತದೇನು ಅಂತ ಕೇಳಿದಳು. ಕೂಲಿ ಮಾಡುವವರೆಲ್ಲ ದೇವರಂಥವರು ಅಂತ ಬರೆಯುವವಳಲ್ಲ ನಾನು. ಅವರ ಮೇಲೂ ಸಿಟ್ಟು ಬಂತು. ಬಿಸಿಲಲ್ಲಿ ಸುಟ್ಟು ತಾವೇ ಕರಿಯಾದವರು, ತಮಗಿಂತ ಕರಿಯಳೊಬ್ಬಳು ಸಿಕ್ಕಳು ಅಂತ ಅವರಿಗೆ ಖುಷಿಯಾಗಿತ್ತು.

ಅವರಿಗೂ ನಮ್ಮ ಕಮಿಟಿಗೂ ವ್ಯತ್ಯಾಸ ಒಂದೇ. ಅವರ ನಗೆ ಒಂದು ದಿನಕ್ಕೆ ಮುಗಿಯಿತು. ಮರುದಿನ ಒಂದು ಕೂಸು ಜ್ವರ ಬಂದು ಒಂದೇ ಸಮ ಅಳುತ್ತಿತ್ತು. ತಾಯಿ ಇಟ್ಟಿಗೆ ಹೊರಲು ಹೋಗಲೇಬೇಕು, ಕೂಲಿಗಳ ಮೇಸ್ತ್ರಿ ಮುಕಾದಮ ಕೂಗುತ್ತಿದ್ದ. ಸೀರೆ ಕಟ್ಟಿ ಮಾಡಿದ ಜೋಳಿಗೆಯಲ್ಲಿ ಮಲಗಿಸಿದರೆ ಕೂಸು ಇನ್ನೂ ಜೋರಾಗಿ ಅಳುತ್ತಿತ್ತು. ನಮ್ಮ ಹುಡುಗಿ ಚೀಲದಿಂದ ತನ್ನೂರಿನ ಬಣ್ಣದ ಬಟ್ಟೆಯೊಂದನ್ನು ತೆಗೆದು, ಸೊಂಟ ಬಗ್ಗಿಸಿ, ಕೂಸನ್ನು ಬೆನ್ನ ಮೇಲೆ ಹಾಕಿಕೊಂಡು, ಬಟ್ಟೆಯನ್ನು ಎದೆಯ ಮೇಲೆ ಎಳೆದು ಗಂಟು ಹಾಕಿದಳು. ಹಾಗೇ ಪೊರಕೆ ಹಿಡಿದು ನೆಲ ಗುಡಿಸತೊಡಗಿದಳು. ಗುಡಿಸಿ ಮುಗಿಯುವುದರೊಳಗೆ ಕೂಸು ಅವಳ ಬೆನ್ನಿಗೆ ಕೆನ್ನೆ ಒತ್ತಿ ನಿದ್ದೆ ಹೋಗಿತ್ತು.

ಮಧ್ಯಾಹ್ನ ಊಟದ ಹೊತ್ತಿಗೆ ಹೆಂಗಸರು ಸುತ್ತ ಸೇರಿದರು. "ಯವ್ವಾ, ಹೆಂಗ ಕಟ್ದಿ? ಇನ್ನೊಮ್ಮಿ ತೋರ್ಸು," ಅಂದರು. ತಮ್ಮ ಹಳೆಯ ಸೀರೆ ತಂದು ಕಟ್ಟಿಸಿಕೊಂಡರು. ಒಬ್ಬಳ ಗಂಟು ಸಡಿಲವಾಗಿ ಕೂಸು ಜಾರಿತು, ಎಲ್ಲರೂ ಬೈದು ನಕ್ಕರು. ನಿನ್ನ ಕೂದಲು ಮುಟ್ಟಲೇ ಅಂತ ಒಬ್ಬಳು ಕೇಳಿದಳು. ಅವಳು ತಲೆ ಬಗ್ಗಿಸಿದಳು. ಆಮೇಲೆ ತಾನೂ ಕೇಳಿ ಅವರ ಹೆರಳು ಮುಟ್ಟಿ ನೋಡಿದಳು. ವಾರ ಕಳೆಯುವುದರೊಳಗೆ ಮಕ್ಕಳು ನನ್ನನ್ನು ಬಿಟ್ಟು ಅವಳ ಹಿಂದೆ ಓಡತೊಡಗಿದವು. ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು, ಸುಳ್ಳು ಯಾಕೆ ಹೇಳಲಿ.

ಅವಳಿಗೆ ಇಲ್ಲೇ ಇರಬೇಕಾಗಿತ್ತು. ಅದನ್ನು ಅವಳು ಬಾಯಿಬಿಟ್ಟು ಹೇಳಿದಳು. ಈ ಮಕ್ಕಳನ್ನು ಬಿಟ್ಟು ಬೇರೆ ಊರಿಗೆ ಹೋಗುವುದಿಲ್ಲ, ಒಂದು ಚಾಪೆಯಷ್ಟು ಜಾಗ ಸಿಕ್ಕರೆ ಸಾಕು ಅಂದಳು. ಶೆಡ್ಡಿನಲ್ಲೇ ಮಲಗುತ್ತೇನೆ ಅಂದದ್ದಕ್ಕೆ ಕಾಕೂ, ಪರದೇಶದ ಹುಡುಗಿ ಕೂಲಿಗಳ ನಡುವೆ ಮಲಗಿದರೆ ಸಂಸ್ಥೆಯ ಮರ್ಯಾದೆ ಏನಾಗಬೇಕು ಅಂದರು. ಹಾಗಾಗಿ ಸಂಜೆಯೆಲ್ಲ ನಾವಿಬ್ಬರು ಕಮಿಟಿ ಸದಸ್ಯರ ಮನೆಮನೆ ಅಲೆದೆವು. ಎಲ್ಲರೂ ಚಹಾ ಕೊಟ್ಟರು. ಪುಣೆಯಲ್ಲಿ ಚಹಾ ಕೊಟ್ಟರೆಂದರೆ ಭಾಗ್ಯವೇ ಅಂತ ನಮ್ಮಪ್ಪ ತಮಾಷೆ ಮಾಡುತ್ತಿದ್ದರು, ಆ ಭಾಗ್ಯ ನಮಗೆ ಬಂತು. ಮನೆ ಮಾತ್ರ ಬರಲಿಲ್ಲ. ಒಬ್ಬರ ಮಗನಿಗೆ ಹತ್ತನೆಯ ತರಗತಿ ಪರೀಕ್ಷೆ. ಇನ್ನೊಬ್ಬರ ಮನೆಗೆ ಬಣ್ಣ ಹೊಡೆಸುವುದಿದೆ. ಮತ್ತೊಬ್ಬರ ಅತ್ತೆಗೆ ಎದೆ ದುರ್ಬಲ, ಕತ್ತಲಲ್ಲಿ ಎದುರಾದರೆ ಬೆದರಿಯಾರು ಅಂತ ಅವಳ ಮುಂದೆಯೇ ಹೇಳಿದರು. ಆಗುವುದಿಲ್ಲ ಅನ್ನುವ ಮಾತು ಒಬ್ಬರ ಬಾಯಿಂದಲೂ ಹೊರಡಲಿಲ್ಲ. ಎಲ್ಲರೂ "ಬಘೂ," ನೋಡೋಣ, ಅಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ.

ಅವಳ ಊರಿನಲ್ಲಿ ನೋಡೋಣ ಅಂದರೆ ನಿಜವಾಗಿ ನೋಡುತ್ತಾರಂತೆ. ಆದ್ದರಿಂದ ಪ್ರತಿ ಬೆಳಿಗ್ಗೆ ಅವಳು, ಅವರೇನಾದರೂ ಹೇಳಿ ಕಳಿಸಿದರೇ ಅಂತ ಕೇಳುತ್ತಿದ್ದಳು. ಕಡೆಗೆ ಒಂದು ದಿನ ನಾನು, ಇಲ್ಲ, ಯಾರೂ ಹೇಳಿ ಕಳಿಸುವುದಿಲ್ಲ, ಈ ಊರಿನಲ್ಲಿ ಬೇಡ ಅನ್ನುವುದನ್ನು ಹೀಗೆ ಹೇಳುತ್ತಾರೆ, ನೀನು ಕರಿಯಳು ಅದಕ್ಕೆ, ಅಂದುಬಿಟ್ಟೆ. ಅವಳು ಹಲ್ಲುಜ್ಜುತ್ತಿದ್ದಳು. ಬಾಯಿ ಮುಕ್ಕಳಿಸಿ ಉಗಿದು, "ಅದು ನನಗೆ ಸ್ಟೇಷನ್ನಿನಲ್ಲೇ ಗೊತ್ತಾಗಿತ್ತು," ಅಂದಳು. "ನಿನಗೆ ಯಾವಾಗ ಗೊತ್ತಾಗುತ್ತದೆ ಅಂತ ಕಾಯುತ್ತಿದ್ದೆ."

ವಾರ್ಷಿಕ ಕಾರ್ಯಕ್ರಮದ ದಿನ ಬಂತು. ದಾನಿಗಳು ಬರುವ ದಿನ. ಪ್ರತಿ ವರ್ಷ ಪರದೇಶದ ಸ್ವಯಂಸೇವಕಿಯನ್ನು ಸ್ಟೇಜಿನ ಮೇಲೆ ಕೂರಿಸಿ, ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು, ಕೂಲಿ ಹೆಂಗಸರಿಂದ ಕುಂಕುಮ ಹಚ್ಚಿಸಿ ಫೋಟೋ ತೆಗೆಯುವುದು ಪದ್ಧತಿ. ಕಾಕೂ ಹಿಂದಿನ ದಿನವೇ ನನ್ನನ್ನು ಕರೆದು, ಅವಳಿಗೆ ನಾಳೆ ಮಕ್ಕಳನ್ನು ನೋಡಿಕೊಳ್ಳಲು ಹೇಳು, ಸ್ಟೇಜಿನ ಕೆಲಸ ನಮಗೆ ಬಿಡು ಅಂದಿದ್ದರು. ಸತ್ಕಾರ ಈ ವರ್ಷ ಇಲ್ಲವೇನೋ ಅಂತ ನಾನು ತಿಳಿದಿದ್ದೆ. ನನ್ನ ತಲೆಗೆ ಅಷ್ಟೇ ಹೊಳೆದದ್ದು. ಅವರ ತಲೆ ಎಷ್ಟು ದೂರ ಓಡಿತ್ತು ಅನ್ನುವುದು ಸಭಾಗೃಹದಲ್ಲಿ ಕಂಡಿತು.

ಸ್ಟೇಜಿನ ಮೇಲೆ ಒಬ್ಬ ಬಿಳಿ ಹೆಂಗಸು ಕೂತಿದ್ದಳು. ಕಮಿಟಿಯವರೊಬ್ಬರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದು ಸಿತಾರ ಕಲಿಯುತ್ತಿದ್ದವಳು. ಬಾಲವಾಡಿಯನ್ನು ಕನಸಿನಲ್ಲೂ ಕಂಡವಳಲ್ಲ. ಊಟಕ್ಕೆ ಕರೆದಿದ್ದಾರೆ, ಬಂದಿದ್ದೇನೆ ಅನ್ನುವ ಹಾಗೆ ಪಾಪ ಎಲ್ಲರಿಗೂ ಕೈ ಮುಗಿಯುತ್ತಿದ್ದಳು. ಕಾಕೂ ಮೈಕಿನಲ್ಲಿ, ನಮ್ಮ ಮಕ್ಕಳ ಸೇವೆಗಾಗಿ ಸಪ್ತಸಮುದ್ರದಾಚೆಯಿಂದ ಬಂದ ನಮ್ಮ ಪರದೇಶಿ ಮಗಳು ಅಂತ ಮರಾಠಿಯಲ್ಲಿ ಹೇಳಿದರು. ದಾನಿಗಳು ಚಪ್ಪಾಳೆ ತಟ್ಟಿದರು. ಹಿಂಜವಾಡಿಯಿಂದ ಲಾರಿಯಲ್ಲಿ ತುಂಬಿಕೊಂಡು ಬಂದಿದ್ದ ಹೆಂಗಸರನ್ನು ಸಾಲಾಗಿ ಮೇಲೆ ಕರೆದರು. ಅವರು ಒಬ್ಬರ ಮುಖ ಒಬ್ಬರು ನೋಡಿದರು, ಹಿಂದಕ್ಕೆ ತಿರುಗಿ ನಮ್ಮ ಹುಡುಗಿಯನ್ನು ನೋಡಿದರು, ಮುಕಾದಮನನ್ನು ನೋಡಿದರು, ಕೊನೆಗೆ ಹೋಗಿ ಹೇಳಿದಂತೆ ಕುಂಕುಮ ಹಚ್ಚಿದರು. ಅಳಿಯನ ಕ್ಯಾಮೆರಾಕ್ಕೆ ಆ ದಿನ ಬಿಡುವೇ ಇರಲಿಲ್ಲ.

ನಾವಿಬ್ಬರು ಕೊನೆಯ ಸಾಲಿನಲ್ಲಿದ್ದೆವು. ಅವಳ ಬೆನ್ನಿಗೆ ಒಂದು ಕೂಸು ಕಟ್ಟಿತ್ತು. ಆಕೆ ಯಾರು ಅಂತ ಕೇಳಿದಳು.

"ನೀನು," ಅಂದೆ. ಕಾಕೂ ಮೈಕಿನಲ್ಲಿ ಹೇಳಿದ್ದನ್ನೆಲ್ಲ ಬಿಡಿಸಿ ಹೇಳಿದೆ.

ಅವಳು ಬೆನ್ನಿನ ಕೂಸನ್ನು ಮೇಲಕ್ಕೆ ಸರಿಸಿಕೊಂಡಳು. ಆಮೇಲೆ, "ಸೋಮವಾರ ಮಕ್ಕಳ ಚಡ್ಡಿ ಒಗೆಯುವುದಕ್ಕೂ ಆಕೆ ಬರುತ್ತಾಳಾ, ಕೇಳು," ಅಂದಳು. ಕಾರ್ಯಕ್ರಮ ಮುಗಿದು ಎಲ್ಲರೂ ಬಟಾಟೆವಡೆಯ ಕಡೆ ನುಗ್ಗುತ್ತಿದ್ದಾಗ ನೆಟ್ಟಗೆ ಸ್ಟೇಜು ಹತ್ತಿದಳು. ನಾನು ಹಿಂದೆ ಓಡಿದೆ. ದಾನಿಗಳು ಇದ್ದರು, ಕಾಕೂ ಇದ್ದರು. ಅವಳು ಬಿಳಿ ಹೆಂಗಸಿನ ಮುಂದೆ ಕೈ ಚಾಚಿ, ಬಹಳ ಸಭ್ಯವಾಗಿ, "ನೀವು ನಾನಂತೆ. ನಿಮ್ಮನ್ನು ಕಂಡು ಸಂತೋಷವಾಯಿತು," ಅಂದಳು.

ಆ ಹೆಂಗಸಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅವಳ ಮುಖ ಹಣೆಯ ಕುಂಕುಮದಷ್ಟೇ ಕೆಂಪಾಯಿತು. ತೆಂಗಿನಕಾಯಿ, ಶಾಲು ಕುರ್ಚಿಯ ಮೇಲಿಟ್ಟು, ಯಾರ ಕಡೆಯೂ ನೋಡದೆ ಹೊರಟುಹೋದಳು. ದಾನಿಗಳಲ್ಲೊಬ್ಬರು ಏನಾಯಿತು ಅಂತ ಕೇಳಿದರು. ಚಿಕ್ಕ ತಪ್ಪು ತಿಳಿವಳಿಕೆ ಅಂತ ಕಾಕೂ ನಕ್ಕರು. ಆ ನಗೆ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಎಳೆದರು. ಅವಳು ಸಂಸ್ಥೆಗೆ ಅವಮಾನ ಮಾಡಿದ್ದಾಳೆ ಅಂದರು. ಅವಳು, ಸಂಸ್ಥೆಗೆ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಅನ್ನುತ್ತಾರಲ್ಲ, ಇವರು ಶಾಸ್ತ್ರ ಹೇಳಿ ಬಟಾಟೆವಡೆ ತಿನ್ನುತ್ತಿದ್ದರು. "ನಿಮ್ಮ ಮನೆಯಲ್ಲಿ ವರ್ಷಪೂರ್ತಿ ಇಟ್ಟುಕೊಳ್ಳುವುದಾದರೆ ಇರಲಿ. ನಿಮ್ಮ ತಾಯಿಯಿಂದ ನಾಳೆ ಬೆಳಿಗ್ಗೆಯೊಳಗೆ ಹೇಳಿಸು. ಇಲ್ಲವಾದರೆ ನಾಳೆಯೇ ಬೇರೆ ಕಡೆ ಕಳಿಸುತ್ತೇವೆ."

ಹಾಗೆ ಅವಳ ವರ್ಷವೆಲ್ಲ ಅವ್ವನ ಒಂದು ಮಾತಿಗೆ ಬಂದು ನಿಂತಿತು. ಅಂದು ಸಂಜೆ ನಾನು ಅವ್ವನ ಕಾಲು ಹಿಡಿಯುವುದೊಂದು ಬಾಕಿ.

"ಇರ್ಲೆವ್ವಾ. ನನ್ನ ಹಾಸಿಗ್ಯಾಗ ಮಲಗ್ತಾಳ. ನಿನಗೇನು ಭಾರ?"

ಅವ್ವ ಸೊಪ್ಪು ಸೋಸುತ್ತಿದ್ದಳು. "ಭಾರ ಅಂತ ನಾ ಎಲ್ಲೆ ಅಂದೆ? ಹುಡುಗಿ ಛಲೋ ಅದ. ಭಾಳ ಛಲೋ ಅದ. ಆದ್ರ ಆ ವಿಜಾಪುರದವ್ರು ನಾಡಿದ್ದು ನಿನ್ನ ನೋಡಾಕ ಬರಾಕತ್ತಾರ. ಮನ್ಯಾಗ ಕಾಲಿಡೂದ್ರಾಗ ಇಕಿನ್ನ ನೋಡಿದ್ರ ಏನಂದಾರು? ಯಾರು, ಎತ್ತ, ಯಾವ ಜಾತಿ ಅಂತ ಕೇಳಿದ್ರ ಏನ್ ಹೇಳ್ಲಿ?"

"ನೋಡಾಕ ಬರೂದು ನನ್ನ. ಆಕಿನ್ನಲ್ಲ."

"ಒಂದು ಮನಿ ನೋಡಿದ್ರ ಎಲ್ಲಾನೂ ನೋಡಿದಂಗ. ನಿನ್ನ ಲಗ್ನ ಆಗ್ಲಿ, ಆಮ್ಯಾಲೆ ಯಾರ್ನರ ತಂದಿಟ್ಕೊ."

ಅಪ್ಪನ ಕಡೆ ನೋಡಿದೆ. "ನಿಮ್ಮವ್ವ ಹೇಳಿದಂಗ," ಅಂದರು. ಅದು ಅವರ ಆಯುಷ್ಯದ ಮಾತು, ಎಲ್ಲಿಗೂ ಹೊಂದುತ್ತಿತ್ತು. ನಾನು ಕಿರುಚಾಡಿದೆ, ಅನ್ನ ಬಿಟ್ಟೆ, ಹಾಗಾದರೆ ನೋಡುವುದಕ್ಕೇ ಬರುವುದು ಬೇಡ ಅಂದೆ. ಅವ್ವ ಸೊಪ್ಪು ಸೋಸಿ ಮುಗಿಸಿದಳು. ಹುಡುಗಿ ನಡುಮನೆಯಲ್ಲಿ ಕೂತು ಎಲ್ಲ ಕೇಳುತ್ತಿದ್ದಳು. ಕನ್ನಡ ತಿಳಿಯಬೇಕಾಗಿಯೇ ಇರಲಿಲ್ಲ. ನಾನು ಹೊರಗೆ ಬರುವುದರೊಳಗೆ ಬಟ್ಟೆ ಮಡಿಚಿ ಚೀಲದಲ್ಲಿ ತುಂಬುತ್ತಿದ್ದಳು.

ಮರುದಿನ ಆಟೋ ಹೇಳಿದ್ದೆವು. ಅವಳು ಚೀಲ ಎತ್ತಿ ಹೊರಟಾಗ ಅವ್ವ, "ತಡಿ," ಅಂದು ಒಳಗೆ ಹೋದಳು. ಹೊಸ ಕುಪ್ಪಸದ ಬಟ್ಟೆ, ತೆಂಗಿನಕಾಯಿ, ಅಕ್ಕಿ, ಅರಿಷಿಣದ ಕೊಂಬು, ಎಲೆ ಅಡಿಕೆ ತಂದಳು. ಮಣೆ ಹಾಕಿ ಕೂಡಿಸಿದಳು. ಹಣೆಗೆ ಕುಂಕುಮವಿಟ್ಟಳು. ನನ್ನ ಓಢಣಿಯ ಸೆರಗನ್ನು ಅವಳ ಮಡಿಲಲ್ಲಿ ಹರಡಿಸಿ ಉಡಿ ತುಂಬಿದಳು. ನಮ್ಮ ಕಡೆ ಹೆಣ್ಣುಮಗಳು ಮನೆಯಿಂದ ಹೊರಟರೆ ಬರಿಯ ಉಡಿಯಲ್ಲಿ ಕಳಿಸುವುದಿಲ್ಲ. ಅವ್ವನ ಕಣ್ಣಲ್ಲಿ ನೀರು ಬಂತು. ಅದು ಸುಳ್ಳು ನೀರಲ್ಲ, ಅದೇ ನನಗೆ ಇನ್ನೂ ಸಿಟ್ಟು ತರಿಸಿದ್ದು.

ಇದು ಏನು ಅಂತ ಹುಡುಗಿ ಕೇಳಿದಳು. ನಾನು ಅವ್ವನನ್ನು ಕೇಳಿದೆ.

"ಮನಿ ಮಗಳು ಹೊಂಟಾಗ ತುಂಬ್ತಾರವ್ವಾ," ಅಂದಳು ಅವ್ವ. "ಹೊಟ್ಟಿ ತಣ್ಣಗಿರ್ಲಿ, ಮತ್ತ ತೌರಿಗಿ ಬರ್ಲಿ ಅಂತ."

ನಾನು ಹೇಳಿದೆ. ಅವಳು ಮಡಿಲಿನ ಅಕ್ಕಿಯನ್ನು ಬೆರಳಿನಿಂದ ಸರಿಸಿದಳು. "ಅಮ್ಮನನ್ನು ಕೇಳು," ಅಂದಳು. "ಹೊರಡುವಾಗ ಮಗಳು. ಇರುತ್ತೇನೆ ಅಂದಾಗ ಯಾರಾಗಿದ್ದೆ?"

ಒಂದು ಅಕ್ಷರ ಬಿಡದೆ ಅವ್ವನಿಗೆ ಹೇಳಿದೆ. ಅವ್ವ ಕುಂಕುಮದ ಬಟ್ಟಲಿನ ಮುಚ್ಚಳ ಹಾಕಿದಳು. "ಆಟೋ ಬಂತೇನು ನೋಡು," ಅಂದಳು.

ಸ್ಟೇಷನ್ನಿನಲ್ಲಿ ಅವಳನ್ನು ಬಿಡಲು ನಾನೊಬ್ಬಳೇ ಇದ್ದೆ. ಬೇರೆ ಊರಿನ ಸಂಸ್ಥೆಯವರು ಅಲ್ಲಿ ಕರೆದುಕೊಂಡು ಹೋಗಲು ಬರುತ್ತಾರಂತೆ. ಅವರಿಗಾದರೂ ಬಣ್ಣ ಹೇಳಿದ್ದಾರಾ, ಕೇಳು, ಅಂತ ನನಗೆ ಹೇಳಿ ಗಾಡಿ ಹತ್ತಿದಳು. ಅಲ್ಲಿಂದ ಹಿಂಜವಾಡಿಯ ಶೆಡ್ಡಿಗೆ ಹೋದಾಗ ಮಕ್ಕಳು ಬಾಗಿಲಿಗೆ ಓಡಿ ಬಂದು, ನಾನೊಬ್ಬಳೇ ಅಂತ ಕಂಡು, ನನ್ನ ಬೆನ್ನ ಹಿಂದೆ ನೋಡಿದವು. ಬೈಯಲು ನನಗೆ ಯಾರೂ ಸಿಗಲಿಲ್ಲ.

ವಿಜಾಪುರದವರು ಹೇಳಿದ ಹೊತ್ತಿಗೆ ಬಂದರು. ಹುಡುಗ, ಅವನ ತಂದೆ, ತಾಯಿ. ಅವ್ವ ಶಿರಾ, ಉಪ್ಪಿಟ್ಟು ಮಾಡಿದ್ದಳು. ನಾನು ಸೀರೆಯುಟ್ಟು ಚಹಾದ ಟ್ರೇ ಹಿಡಿದು ಹೊರಗೆ ಬಂದೆ. ಯಾಕೆ ಬಂದೆ ಅಂತ ಕೇಳಿದರೆ, ಆ ವಯಸ್ಸಿನಲ್ಲಿ ಟ್ರೇ ಹಿಡಿಯದೆ ಇರುವುದು ಹೇಗೆ ಅಂತ ನನಗಿನ್ನೂ ಗೊತ್ತಿರಲಿಲ್ಲ. ಮಳೆ, ರೈಲು, ತುಟ್ಟಿಕಾಲದ ಮಾತೆಲ್ಲ ಮುಗಿದ ಮೇಲೆ ಹುಡುಗನ ತಂದೆ ಬಹಳ ಹುರುಪಿನಿಂದ ಕೇಳಿದರು:

"ನಿಮ್ಮನ್ಯಾಗ ಯಾರೋ ಫಾರಿನ್ ಹುಡುಗಿ ಇದ್ದಾಳಂತಲ್ರಿ? ಮಾಲೀಕ್ರ ಮನಿಯವ್ರು ಬಾಗಿಲಾಗ ಹೇಳ್ಲಿಕತ್ತಿದ್ರು. ಎಲ್ಲೆ, ಕಾಣವಲ್ಲಳಲ್ಲ?"

ಅವರ ಮುಖದಲ್ಲಿ ಆಸೆಯಿತ್ತು. ಹೆಂಡತಿಯೂ ಸೆರಗು ಸರಿಮಾಡಿಕೊಂಡು ಒಳಬಾಗಿಲ ಕಡೆ ನೋಡಿದರು. ಫಾರಿನ್ನಿನವರು ಬಂದು ಇರುವ ಮನೆ ಅಂದರೆ ವಧುವಾಗಿ ನನ್ನ ತೂಕ ಒಂದು ಸೇರು ಹೆಚ್ಚಾಗಿತ್ತು.

ಅವ್ವ ಶಿರಾದ ತಾಟನ್ನು ಅವರ ಮುಂದೆ ಸರಿಸಿದಳು. "ಲಂಡನ್‌ದಾಕಿರಿ," ಅಂದಳು. "ನಿನ್ನೆ ಹೋದ್ಲರಿ. ನಮ್ಮನ್ನ ಭಾಳ ಹಚ್ಕೊಂಡಿದ್ಲು. ಹಾಲಿನಂಥಾ ಬಣ್ಣ ನೋಡ್ರಿ."

ನಾನು ಟ್ರೇಯನ್ನು ನೆಲಕ್ಕಿಟ್ಟೆ.

"ಲಂಡನ್ ಅಲ್ರಿ, ಕೀನ್ಯಾ," ಅಂದೆ. "ಹಾಲಿನಂಗೂ ಇರ್ಲಿಲ್ರಿ, ಕರ್ರಗಿದ್ಲು. ನಿಮ್ಮ ಕಣ್ಣಿಗಿ ಬೀಳಬಾರ್ದಂತ ನಿನ್ನೆ ಮನಿ ಬಿಡಿಸಿದ್ವಿ. ಆಕಿಗಿ ಇಲ್ಲೇ ಇರಬೇಕಾಗಿತ್ತು."

ಹುಡುಗ ನಕ್ಕ. ತಮಾಷೆ ಅಂದುಕೊಂಡಿರಬೇಕು. ಉಳಿದವರು ನಗದೆ ಇರುವುದನ್ನು ನೋಡಿ ತಾನೂ ನಿಲ್ಲಿಸಿದ. ಚಹಾ ಅರ್ಧಕ್ಕೇ ಬಿಟ್ಟು, ಬಸ್ಸಿಗೆ ಹೊತ್ತಾಯಿತು ಅಂತ ಎದ್ದರು. ಹೊಸಿಲು ದಾಟುವಾಗ ಹುಡುಗನ ತಂದೆ ಅಪ್ಪನಿಗೆ, ನೋಡೋಣ್ರಿ, ಊರಿಗಿ ಹೋಗಿ ತಿಳಸ್ತೀವಿ, ಅಂದರು.

ಅವರು ಹೋದ ಮೇಲೆ ಅವ್ವ ಗೋಡೆಗೊರಗಿ ಕೂತಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಡೆಗೆ ದಣಿದ ದನಿಯಲ್ಲಿ ಕೇಳಿದಳು.

"ಲಂಡನ್ ಅಂದ್ರ ನಿನ್ನ ಗಂಟೇನ್ ಹೋಗ್ತಿತ್ತು?"

"ನನ್ನದಲ್ಲವ್ವಾ, ಆಕೀದು," ಅಂದೆ. "ಸಭಾದಾಗ ಅವ್ರು ಆಕಿನ್ನ ಅಳಿಸಿ ಬೇರೆಯಾಕಿನ್ನ ಕೂಡ್ಸಿದ್ರು. ಉಡಿ ತುಂಬಿ ಕಳಿಸಿ ಒಂದು ದಿನಾ ಆಗಿಲ್ಲ, ನೀನೂ ಅದನ್ನ ಮಾಡಿದಿ."

ಅವ್ವ ಕಪ್ಪುಗಳನ್ನು ಒಂದರೊಳಗೊಂದು ಜೋಡಿಸಿಕೊಂಡು ಅಡಿಗೆಮನೆಗೆ ಹೋದಳು. ಮುಂದೆ ಆ ಹುಡುಗಿಯ ಮಾತನ್ನು ಅವಳು ಎಂದೂ ಎತ್ತಲಿಲ್ಲ, ಯಾರಾದರೂ ಎತ್ತಿದರೆ ಕೀನ್ಯಾ ಅಂತಲೂ ಹೇಳಲಿಲ್ಲ, ಲಂಡನ್ ಅಂತಲೂ ಹೇಳಲಿಲ್ಲ.